ಊರಿಂದ ಬಾಂಬೋಲಿ ಕ್ಯಾಶುವಾಲ್ಟಿವರೆಗೆ: ಗೋವಾ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ವಾಸ್ಕೋ, ಜುವಾರಿನಗರ, ಮಡಗಾಂವ್, ಮಾಪ್ಸಾ ಕಡೆ ದುಡಿಯುವ ಕನ್ನಡಿಗರಲ್ಲಿ ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರ, ಹಾವೇರಿಯವರು ಜಾಸ್ತಿ. ಊರಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಮೊದಲು ಫೋನ್ ಬರುವುದು ಇಲ್ಲಿಗೇ. ಕಾರವಾರ, ಜೋಯಿಡಾ ಕಡೆಯವರು ಬಾಂಬೋಲಿಗೆ, ಅಂದರೆ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆಗೆ, ನೇರವಾಗಿ ಗಾಡಿ ಮಾಡಿಕೊಂಡು ಬಂದೇ ಬಿಡುತ್ತಾರೆ. ಎಮರ್ಜೆನ್ಸಿ ಬಾಗಿಲಲ್ಲಿ ಎರಡು ಮಾತು ಸದಾ ಕೇಳಿಸುತ್ತವೆ. "ಈ ಹಳ್ಳಿ ಜನ ಸಣ್ಣದಕ್ಕೂ ಇಲ್ಲಿಗೆ ಓಡಿ ಬರ್ತಾರೆ" ಅನ್ನುವುದು ಒಂದು. "ಇಷ್ಟು ತಡ ಮಾಡಿ ತಂದಿರಲ್ಲ" ಅನ್ನುವುದು ಇನ್ನೊಂದು. ಎರಡನ್ನೂ ಒಬ್ಬರೇ ಒಂದೇ ರಾತ್ರಿ ಹೇಳುವುದುಂಟು. ನನ್ನ ಪ್ರಕಾರ ಎರಡಕ್ಕೂ ಕಾರಣ ಒಂದೇ. ಊರ ಹತ್ತಿರ, ಬೇಕಾದ ಹೊತ್ತಿಗೆ, ನಂಬಿಕೆ ಬರುವಂಥ ಆಸ್ಪತ್ರೆ ತೆರೆದಿರುವುದಿಲ್ಲ.

ಜ್ವರ, ಮೈಕೈ ನೋವಿಗೂ ಎಮರ್ಜೆನ್ಸಿಗೆ ಯಾಕೆ ಬರ್ತಾರೆ? ಓಪಿಡಿ ಇಲ್ವಾ?

ಇದೆ. ಆದರೆ ಓಪಿಡಿ, ಅಂದರೆ ಹೊರರೋಗಿ ವಿಭಾಗ, ನಡೆಯುವುದು ಹಗಲು, ಕೆಲಸದ ಹೊತ್ತಲ್ಲಿ. ದಿನಗೂಲಿಯವನಿಗೆ ಅದೇ ಪಗಾರದ ಹೊತ್ತು. ಚೀಟಿ ಪುಕ್ಕಟೆ ಸಿಕ್ಕರೂ ಒಂದು ದಿನದ ಕೂಲಿ ಹೋಗುತ್ತದೆ. ಮೇಸ್ತ್ರಿ ಎರಡನೇ ಸಲ ರಜೆ ಕೊಡುವುದಿಲ್ಲ. ಸಂಜೆ ಕೆಲಸ ಬಿಟ್ಟ ಮೇಲೆ, ಭಾನುವಾರ, ಹಬ್ಬದ ದಿನ ತೆರೆದಿರುವುದು ಎಮರ್ಜೆನ್ಸಿ ಒಂದೇ. ಅಲ್ಲಿ ಡಾಕ್ಟರು, ಎಕ್ಸ್‌ರೇ, ರಕ್ತ ಪರೀಕ್ಷೆ, ಮದ್ದು ಎಲ್ಲ ಒಂದೇ ಕಡೆ ಸಿಗುತ್ತವೆ. ಹಾಗಾಗಿ ಅವರು ಬರುವುದು ದಡ್ಡತನದಿಂದಲ್ಲ. ಲೆಕ್ಕ ಹಾಕಿಯೇ ಬರುತ್ತಾರೆ.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲೂ ಪಟ್ಟಣದವರಿಗಿಂತ ಹಳ್ಳಿಯವರೇ ಎಮರ್ಜೆನ್ಸಿಗೆ ಜಾಸ್ತಿ ಹೋಗುತ್ತಾರೆ. ಅಲ್ಲಿನ ಹಳ್ಳಿಗಾಡಿನಲ್ಲಿ 2005ರಲ್ಲಿ 100 ಜನಕ್ಕೆ ವರ್ಷಕ್ಕೆ ಸುಮಾರು 36 ಭೇಟಿ ಇದ್ದದ್ದು 2016ರ ಹೊತ್ತಿಗೆ ಸುಮಾರು 64 ಆಗಿತ್ತು. 1986ರ ಒಂದು ಕಾನೂನಿನ ಪ್ರಕಾರ ಅಲ್ಲಿನ ಎಮರ್ಜೆನ್ಸಿಗೆ ಬಂದವರನ್ನು ದುಡ್ಡಿಲ್ಲ ಅಂತ ನೋಡದೆ ವಾಪಸ್ ಕಳಿಸುವಂತಿಲ್ಲ. ಹತ್ತಿರದ ಫ್ಯಾಮಿಲಿ ಡಾಕ್ಟರ್ ಸಿಗುವುದಿಲ್ಲ, ಸಿಕ್ಕರೂ ದುಡ್ಡು ಮೊದಲು ಕೇಳುತ್ತಾರೆ. ದೇಶ ಬೇರೆಯಾದರೂ ಕಥೆ ಅದೇ, ಅಲ್ವಾ?

ಊರಲ್ಲಿ ಸರ್ಕಾರಿ ಆಸ್ಪತ್ರೆ ಇದೆಯಲ್ಲ, ಅಲ್ಲಿ ಯಾಕೆ ತೋರಿಸಲ್ಲ?

ಲೆಕ್ಕದ ಪ್ರಕಾರ ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು. ಅದರ ಮೇಲೆ 1,20,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಇಲ್ಲಿ ಸರ್ಜನ್, ಫಿಸಿಶಿಯನ್, ಹೆರಿಗೆ ಡಾಕ್ಟರ್, ಮಕ್ಕಳ ಡಾಕ್ಟರ್ ಇರಬೇಕು. ಆದರೆ ದೇಶದ ಹಳ್ಳಿಗಾಡಿನ ಸಮುದಾಯ ಕೇಂದ್ರಗಳಲ್ಲಿ ಬೇಕಾದ ತಜ್ಞರಲ್ಲಿ ನೂರಕ್ಕೆ ಸುಮಾರು 80 ಮಂದಿ ಇಲ್ಲವೇ ಇಲ್ಲ ಅಂತ ಸರ್ಕಾರದ್ದೇ ಅಂಕಿಅಂಶ ಹೇಳುತ್ತದೆ. ಕಟ್ಟಡ, ಬೋರ್ಡು ಇದ್ದರೂ ಹೆರಿಗೆ ಕಷ್ಟವಾದಾಗ ಕೈ ಹಾಕುವವರು ಇರುವುದಿಲ್ಲ.

ಇದನ್ನು ಊರಿನವರು ಅನುಭವದಿಂದ ಕಲಿತಿರುತ್ತಾರೆ. ಎರಡು ಸಲ ಹೋದಾಗ "ಮುಂದಕ್ಕೆ ಬರೆದು ಕೊಡ್ತೀವಿ" ಅಂದರೆ, ಮೂರನೇ ಸಲ ಅವರು ಅಲ್ಲಿ ನಿಲ್ಲುವುದೇ ಇಲ್ಲ. ನೇರ ದೊಡ್ಡ ಆಸ್ಪತ್ರೆಗೇ ಹೋಗುತ್ತಾರೆ. ಒಮ್ಮೆ ನಂಬಿಕೆ ಹೋದರೆ ಮರುವರ್ಷ ಅಲ್ಲಿಗೆ ಒಳ್ಳೆಯ ಡಾಕ್ಟರು ಬಂದರೂ ಸುದ್ದಿ ಊರಿಗೆ ತಲುಪಲು ಕಾಲ ಬೇಕು.

ಹಾಗಾದರೆ ನಿಜವಾಗಿ ಜೋರಾದಾಗ ತಡ ಮಾಡುವುದು ಯಾಕೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಬಾಣಂತಿಯರ ಸಾವಿನ ಬಗ್ಗೆ 1994ರಲ್ಲಿ ಬಂದ ಒಂದು ಅಧ್ಯಯನ ತಡವನ್ನು ಮೂರು ಭಾಗ ಮಾಡಿತು: ಹೋಗೋಣ ಅಂತ ತೀರ್ಮಾನಿಸುವಲ್ಲಿ ತಡ, ಆಸ್ಪತ್ರೆ ಮುಟ್ಟುವಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಹೃದಯ, ಲಕ್ವ, ವಿಷ, ಹಾವು, ಎಲ್ಲಕ್ಕೂ ಈ ಲೆಕ್ಕ ಸರಿಹೊಂದುತ್ತದೆ.

ನಾನು ಕಂಡಂತೆ ಅತಿ ಹೆಚ್ಚು ಹೊತ್ತು ಹೋಗುವುದು ಮನೆಯೊಳಗೇ. "ಅವ್ವಗ ಎದಿ ನೋವು ಅಂತಾಳ" ಅಂತ ರಾತ್ರಿ ಒಂಬತ್ತಕ್ಕೆ ಗೋವಾಕ್ಕೆ ಫೋನ್ ಬರುತ್ತದೆ. ಗ್ಯಾಸ್ ಇರಬೇಕು, ಸೋಡಾ ಕೊಡಿ ಅಂತ ಒಬ್ಬರು. ಬೆಳಗಾಗಲಿ ನೋಡೋಣ ಅಂತ ಇನ್ನೊಬ್ಬರು. ದುಡ್ಡು ಯಾರು ಕಳಿಸಬೇಕು, ಜೊತೆಗೆ ಯಾರು ಹೋಗಬೇಕು, ದನಕರು ಯಾರು ನೋಡಬೇಕು ಅನ್ನುವ ಚರ್ಚೆ ನಡೆಯುತ್ತದೆ. ದುಡಿಯುವ ಗಂಡಸರು ಗೋವಾದಲ್ಲಿ, ಮನೆಯಲ್ಲಿ ವಯಸ್ಸಾದವರು ಮತ್ತು ಸೊಸೆ. ಸೊಸೆಗೆ ಗಾಡಿ ಕರೆಸುವ ಧೈರ್ಯ ಇರಬಹುದು, ಅಧಿಕಾರ ಇರುವುದಿಲ್ಲ. ಇನ್ನು ಹೆಂಗಸರಿಗೇ ಹುಷಾರು ತಪ್ಪಿದರೆ "ಇಷ್ಟಕ್ಕೆಲ್ಲ ಯಾಕ ಸುಮ್ನೆ ಖರ್ಚು" ಅಂತ ಅವರೇ ಮುಚ್ಚಿಡುತ್ತಾರೆ.

ಅಷ್ಟರಲ್ಲಿ ಊರಿನ ಆರ್‌ಎಂಪಿ ಡಾಕ್ಟ್ರು (ಡಾಕ್ಟರಿಕೆ ಓದದೆಯೇ ಹಳ್ಳಿಯಲ್ಲಿ ಮದ್ದು ಕೊಡುವವರು) ಬಂದು ಒಂದು ಇಂಜೆಕ್ಷನ್, ಒಂದು ಸಲೈನ್ ಹಾಕುತ್ತಾರೆ. ಅವರನ್ನು ಬೈಯುವುದು ಸುಲಭ. ಆದರೆ ನಡುರಾತ್ರಿ ಕರೆದರೆ ಬರುವವರು, ದುಡ್ಡು ಆಮೇಲೆ ಕೊಡಿ ಅನ್ನುವವರು ಅವರೊಬ್ಬರೇ. ಆದರೂ ಆ ಸಲೈನ್ ಬಾಟ್ಲಿ ಖಾಲಿಯಾಗುವ ಹೊತ್ತಿಗೆ ಎಷ್ಟೋ ಸಲ ಚಿಕಿತ್ಸೆಯ ಸಮಯ ಮೀರಿರುತ್ತದೆ.

ಎರಡನೇ ತಡ ಗಾಡಿಯದ್ದು. ಮೂರನೆಯದು ಕಳಿಸುವುದರದ್ದು: ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಕಿಮ್ಸ್‌ಗೆ. ಪ್ರತಿ ಕಡೆ ಹೊಸ ಚೀಟಿ, ಮತ್ತೆ ಮೊದಲಿಂದ ಅದೇ ಕಥೆ ಹೇಳಬೇಕು. ಹೋಗುವ ಮೊದಲೇ ಫೋನ್ ಮಾಡಿ ಹಾಸಿಗೆ ಇದೆಯಾ, ಡಾಕ್ಟರ್ ಇದ್ದಾರಾ ಅಂತ ಕೇಳುವ ಪದ್ಧತಿ ನಮ್ಮಲ್ಲಿ ಇನ್ನೂ ಸರಿಯಾಗಿ ಬೆಳೆದಿಲ್ಲ.

ಕಾರವಾರದವರು ಹುಬ್ಬಳ್ಳಿ ಬಿಟ್ಟು ಗೋವಾಕ್ಕೇ ಯಾಕೆ ಬರ್ತಾರೆ?

ದಾರಿ ನೋಡಿ, ಗೊತ್ತಾಗುತ್ತದೆ. ಕಾರವಾರದಿಂದ ಮಡಗಾಂವ್ ಸುಮಾರು 70 ಕಿ.ಮೀ., ಬಾಂಬೋಲಿ ನೂರರ ಆಸುಪಾಸು. ಹುಬ್ಬಳ್ಳಿಗೆ ಹೋಗಬೇಕಾದರೆ ಘಟ್ಟ ಹತ್ತಬೇಕು. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು 2016ರಿಂದ ಇದೆ. ಆದರೂ ತಲೆಗೆ ಪೆಟ್ಟು, ಹೃದಯದ ಆಪರೇಷನ್ ಅಂದರೆ ಉತ್ತರ ಕನ್ನಡದವರು ಮಂಗಳೂರು, ಉಡುಪಿ, ಹುಬ್ಬಳ್ಳಿ, ಗೋವಾ ಅಂತ ದಿಕ್ಕು ಹುಡುಕಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿಗೆ ಗುದ್ದಿ ನಾಲ್ವರು ತೀರಿಕೊಂಡರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅನ್ನುವ ಕೂಗು ಆಗ ಮತ್ತೆ ಎದ್ದಿತು. ಆಸ್ಪತ್ರೆ ಕೊಡದಿದ್ದರೆ ಮತವಿಲ್ಲ ಅನ್ನುವವರೆಗೂ ಜನ ಹೋದರು. ದೂರ ಅನ್ನುವುದು ಬರೀ ಕಿಲೋಮೀಟರ್ ಅಲ್ಲ. ರಾತ್ರಿ, ಮಳೆ, ಊರಿಂದ ಗೋವಾಕ್ಕೆ ಇಳಿಯುವ ಅನಮೋಡ ಅಥವಾ ಚೋರ್ಲಾ ಘಾಟಿನ ತಿರುವು, ಎದುರಿಗೆ ಸಿಗುವ ಲಾರಿಗಳ ಸಾಲು, ಎಲ್ಲ ಸೇರಿ ದೂರ.

108ಕ್ಕೆ ಫೋನ್ ಮಾಡಬೇಕೋ, ನಮ್ಮದೇ ಗಾಡಿ ಮಾಡಿಕೊಂಡು ಬರಬೇಕೋ?

ಮೊದಲು 108ಕ್ಕೆ ಮಾಡಿ. ಕರ್ನಾಟಕದಲ್ಲಿ ಆರೋಗ್ಯ ಕವಚ ಹೆಸರಿನಲ್ಲಿ, ಗೋವಾದಲ್ಲೂ, 2008ರಿಂದ ಈ ಸೇವೆ ಇದೆ. ದುಡ್ಡು ಕೊಡಬೇಕಿಲ್ಲ. ಗಾಡಿಯಲ್ಲಿ ಆಕ್ಸಿಜನ್ ಇರುತ್ತದೆ, ತರಬೇತಾದವರು ಇರುತ್ತಾರೆ. ಬಾಡಿಗೆ ಕ್ರೂಸರ್‌ನಲ್ಲಿ ಹಿಂದಿನ ಸೀಟಿನ ಮೇಲೆ ಮಡಚಿ ಮಲಗಿಸಿಕೊಂಡು ಬರುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ, ಅದರಲ್ಲೂ ಬೆನ್ನುಹುರಿಗೆ, ಕುತ್ತಿಗೆಗೆ ಪೆಟ್ಟಾಗಿದ್ದರೆ.

ಆದರೆ 108 ಸಾಮಾನ್ಯವಾಗಿ ಕರೆದೊಯ್ಯುವುದು ಹತ್ತಿರದ ಸರಿಯಾದ ಆಸ್ಪತ್ರೆಗೆ, ನೀವು ಹೇಳಿದ ಆಸ್ಪತ್ರೆಗಲ್ಲ. ಗಡಿಯಲ್ಲಿ ಮೊಬೈಲ್ ಟವರ್ ಪಕ್ಕದ ರಾಜ್ಯದ್ದಾಗಿದ್ದರೆ ಕರೆ ಆ ಕಡೆಗೆ ಹೋಗಬಹುದು. ಊರು, ತಾಲ್ಲೂಕು, ಜಿಲ್ಲೆ, ರಾಜ್ಯ ನಾಲ್ಕನ್ನೂ ಬಾಯಿಬಿಟ್ಟು ಹೇಳಿ. ಗಾಡಿ ಬರಲು ತುಂಬಾ ಹೊತ್ತಾಗುತ್ತದೆ ಅಂತ ಅವರೇ ಹೇಳಿದರೆ, ಸಿಕ್ಕ ಗಾಡಿ ಹತ್ತಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೊರಡಿ.

ದುಡ್ಡಿಲ್ಲದವರೇ ಎಮರ್ಜೆನ್ಸಿಗೆ ಜಾಸ್ತಿ ಬರೋದಾ?

ದುಡ್ಡು ಎರಡು ಕಡೆಗೂ ಎಳೆಯುತ್ತದೆ. ಜನ ಯಾವಾಗ ಚಿಕಿತ್ಸೆಗೆ ಹೋಗುತ್ತಾರೆ ಅನ್ನುವುದಕ್ಕೆ ಸಂಶೋಧಕರು 1968ರಿಂದ ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. ವಯಸ್ಸು, ಓದು, ನಂಬಿಕೆ ಒಂದು ಕಡೆ. ದುಡ್ಡು, ವಿಮೆ, ಗಾಡಿ, ದೂರ ಇನ್ನೊಂದು ಕಡೆ. ಕಾಯಿಲೆಯ ಜೋರು ಮೂರನೆಯದು. ಕಾಯಿಲೆ ಸಣ್ಣದಿದ್ದಾಗ ಮೊದಲ ಎರಡೇ ತೀರ್ಮಾನ ಮಾಡುತ್ತವೆ. ತೀರಾ ಜೋರಾದಾಗ ಮೂರನೆಯದು ಎಲ್ಲವನ್ನೂ ಮೀರುತ್ತದೆ. ಬಡವರ ಮನೆಯಲ್ಲಿ ಆ ಮೀರುವ ಗಳಿಗೆ ತಡವಾಗಿ ಬರುತ್ತದೆ, ಅಷ್ಟೇ.

ನನಗೆ ಸಿಟ್ಟು ಬರುವುದು ಒಂದು ವಿಷಯಕ್ಕೆ. ಆಯುಷ್ಮಾನ್ ಭಾರತ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಆದರೆ ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ. ತಿಂಗಳ ಶುಗರ್ ಮಾತ್ರೆ, ಬಿಪಿ ಮಾತ್ರೆ, ಓಪಿಡಿ ಖರ್ಚು ಅದರಲ್ಲಿ ಬರಲ್ಲ. ಸರ್ಕಾರಿ ಕೇಂದ್ರದಲ್ಲಿ ಮಾತ್ರೆ ಸ್ಟಾಕ್ ಮುಗಿದರೆ ಅಂಗಡಿಯಲ್ಲಿ ಕೊಳ್ಳಬೇಕು. ಕೈಯಲ್ಲಿ ದುಡ್ಡಿಲ್ಲದ ತಿಂಗಳು ಮಾತ್ರೆ ಬಿಡುತ್ತಾರೆ. ಆಮೇಲೆ ಲಕ್ವ ಹೊಡೆದು ಬಂದಾಗ ಲಕ್ಷಗಟ್ಟಲೆ ಖರ್ಚಿಗೆ ಕಾರ್ಡ್ ಇದೆ!

ಊರಿನ ಆಯುಷ್ಮಾನ್ ಕಾರ್ಡ್ ಗೋವಾದಲ್ಲಿ ನಡೆಯುತ್ತಾ?

ಪಿಎಂಜೆಎವೈ, ಅಂದರೆ ಆಯುಷ್ಮಾನ್ ಯೋಜನೆಯ ಪಟ್ಟಿಯಲ್ಲಿ ಹೆಸರಿದ್ದರೆ, ಆಸ್ಪತ್ರೆ ಯೋಜನೆಗೆ ಸೇರಿದ್ದರೆ, ಹೊರರಾಜ್ಯದಲ್ಲೂ ನಡೆಯುತ್ತದೆ. ಯೋಜನೆಯ ಸಹಾಯವಾಣಿ 14555ಕ್ಕೆ ಫೋನ್ ಮಾಡಿ ಮೊದಲೇ ಕೇಳಿಟ್ಟುಕೊಳ್ಳಿ. ಕರ್ನಾಟಕದ ಬಿಪಿಎಲ್ ಕಾರ್ಡ್ ಇದ್ದ ಮಾತ್ರಕ್ಕೆ ಇಲ್ಲಿ ಎಲ್ಲ ಪುಕ್ಕಟೆ ಅಂದುಕೊಳ್ಳಬೇಡಿ. ಗೋವಾದ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ 2016ರಲ್ಲಿ ಬಂತು. ಅದು ಇಲ್ಲಿ ಐದು ವರ್ಷ ವಾಸವಿದ್ದವರಿಗೆ. ಗೋವಾ ಮೆಡಿಕಲ್ ಕಾಲೇಜಿನಲ್ಲಿ 2018ರಿಂದ ಹೊರರಾಜ್ಯದ ರೋಗಿಗಳಿಗೆ ಶುಲ್ಕ ಹಾಕುವ ಪದ್ಧತಿ ಬಂತು. ಯಾವುದಕ್ಕೆ ಎಷ್ಟು ಅನ್ನುವುದನ್ನು ಕೌಂಟರಿನಲ್ಲೇ ಕೇಳಿ. ಇಲ್ಲಿ ವರ್ಷಗಟ್ಟಲೆ ದುಡಿದೂ ಬಾಡಿಗೆ ಕರಾರು, ವೋಟರ್ ಕಾರ್ಡ್ ಇಲ್ಲದೆ ಹೊರಗಿನವರಾಗಿಯೇ ಉಳಿದ ಕನ್ನಡಿಗರು ತುಂಬಾ ಜನ ಇದ್ದಾರೆ. ಕಾಗದಪತ್ರ ಆರೋಗ್ಯ ಚೆನ್ನಾಗಿರುವಾಗಲೇ ಮಾಡಿಸಿಕೊಳ್ಳಬೇಕು.

ಯಾವುದಕ್ಕೆ ಒಂದು ಗಳಿಗೆಯೂ ಕಾಯಬಾರದು?

ಎದೆ ಹಿಂಡಿದ ಹಾಗೆ ನೋವು, ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು. ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು. ಉಸಿರು ಸಿಗದಿರುವುದು. ಬಸುರಿಯಲ್ಲಿ ರಕ್ತಸ್ರಾವ ಅಥವಾ ಫಿಟ್ಸ್. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು. ವಿಷ. ಹಾವು. ಹಾಲು ಕುಡಿಯದೆ ಸೋತು ಮಲಗಿದ ಎಳೆ ಮಗು.

ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ. ಹಾಗಾಗಿ "ಎಷ್ಟು ಹೊತ್ತಿಗೆ ಶುರುವಾಯ್ತು" ಅಂತ ಡಾಕ್ಟರು ಮೊದಲು ಕೇಳುತ್ತಾರೆ. ಕೊನೆಯ ಸಲ ಚೆನ್ನಾಗಿದ್ದದ್ದು ಯಾವಾಗ ಅನ್ನುವುದನ್ನು ನೆನಪಿಟ್ಟುಕೊಂಡು ಹೇಳಿ.

ಹೃದಯಾಘಾತಕ್ಕೆ ಈಗ ದೊಡ್ಡ ಆಸ್ಪತ್ರೆವರೆಗೆ ಕಾಯಬೇಕಿಲ್ಲ. ಗೋವಾದಲ್ಲಿ 2018ರಿಂದ ಸ್ಟೆಮಿ (ಒಂದು ಬಗೆಯ ಜೋರಾದ ಹೃದಯಾಘಾತದ ಹೆಸರು) ಯೋಜನೆ ಇದೆ. ಸಣ್ಣ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಅದನ್ನು ಬಾಂಬೋಲಿಗೆ ಕಳಿಸುತ್ತಾರೆ, ಬಾಂಬೋಲಿಯ ತಜ್ಞರು ನೋಡಿ ಹೇಳುತ್ತಾರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಆ ಸಣ್ಣ ಆಸ್ಪತ್ರೆಯಲ್ಲೇ ಹಾಕುತ್ತಾರೆ. ಕರ್ನಾಟಕದಲ್ಲಿ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೇ ರೀತಿ ಶುರುವಾಯಿತು. ಊರಿಂದ ಫೋನ್ ಬಂದಾಗ "ಗೋವಾಕ್ಕೆ ಕರ್ಕೊಂಡು ಬನ್ನಿ" ಅನ್ನುವ ಮೊದಲು "ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ" ಅನ್ನಿ. ಆರೇಳು ತಾಸಿನ ಪ್ರಯಾಣದಲ್ಲಿ ಹೃದಯದ ಸ್ನಾಯು ಸಾಯುತ್ತಲೇ ಇರುತ್ತದೆ.

ಹಾವು ಕಡಿದರೆ ಮೊದಲು ನಾಟಿ ಔಷಧ ಹಾಕಿಸಿ ಆಮೇಲೆ ಹೋಗಬಹುದಾ?

ಬೇಡ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ಕೊಡುತ್ತಾರೆ. ಅದು ಆಸ್ಪತ್ರೆಯಲ್ಲೇ ಸಿಗುವುದು. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ. ಕೈಕಾಲು ಅಲುಗದಂತೆ ಇಟ್ಟುಕೊಂಡು ಹೊರಡಿ. ಹಾವು ಹಿಡಿದು ತರಬೇಕಿಲ್ಲ, ಅದರ ಹಿಂದೆ ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದುಂಟು.

ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ನೋವೇ ಇರುವುದಿಲ್ಲ, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ಕಣ್ಣುರೆಪ್ಪೆ ಜೋಲುವುದು. ಗಾಯ ಕಾಣಲಿಲ್ಲ ಅಂತ ಸುಮ್ಮನಿರಬೇಡಿ. ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಇಟ್ಟು ಹೆಪ್ಪುಗಟ್ಟುತ್ತದಾ ಅಂತ ನೋಡುತ್ತಾರೆ. "ಏನೂ ಮಾಡದೆ ಕೂರಿಸಿದ್ದಾರೆ" ಅಂತ ಜನ ಸಿಟ್ಟಾಗುವುದು ಆ ಹೊತ್ತಿನಲ್ಲೇ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ.

ಪೊಲೀಸ್ ಕೇಸ್ ಆಗುತ್ತೆ ಅಂತ ಭಯ. ಏನು ಮಾಡೋದು?

ಈ ಭಯಕ್ಕೆ ಎಷ್ಟೋ ಜೀವ ಹೋಗಿವೆ. ಅಪಘಾತ, ವಿಷ, ಸುಟ್ಟ ಗಾಯ, ಹೊಡೆದಾಟ ಆದರೆ ಆಸ್ಪತ್ರೆಯವರು ಎಂಎಲ್‌ಸಿ (ಇಂಥ ಪ್ರಕರಣಕ್ಕೆ ಕಾನೂನಿನ ಪ್ರಕಾರ ಮಾಡುವ ದಾಖಲೆ) ಬರೆದು ಪೊಲೀಸರಿಗೆ ತಿಳಿಸುತ್ತಾರೆ. ಅದು ಅವರ ಕೆಲಸ. ಆದರೆ ಚಿಕಿತ್ಸೆ ಅದಕ್ಕಾಗಿ ಕಾಯುವಂತಿಲ್ಲ. 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ: ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸುವುದು ಮೊದಲು. ರಸ್ತೆಯಲ್ಲಿ ಬಿದ್ದವರನ್ನು ತಂದು ಸೇರಿಸಿದವರಿಗೆ 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ರಕ್ಷಣೆ ಕೊಟ್ಟಿದೆ, ಹೆಸರು ಹೇಳಲೇಬೇಕು ಅಂತ ಒತ್ತಾಯಿಸುವಂತಿಲ್ಲ. 2025ರಿಂದ ರಸ್ತೆ ಅಪಘಾತದವರಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದಿಲ್ಲದ ಚಿಕಿತ್ಸೆಯ ಯೋಜನೆಯೂ ಇದೆ.

ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದವರನ್ನು ತಂದಾಗ ಮನೆಯವರು "ಊಟ ಹಿಡಿಸಲಿಲ್ಲ" ಅಂತ ಸುಳ್ಳು ಹೇಳುತ್ತಾರೆ. ಡಾಕ್ಟರಿಗೆ ನಿಜ ಹೇಳಿ, ಬಾಟ್ಲಿ ಜೊತೆಗೆ ತನ್ನಿ. ಯಾವ ವಿಷ ಅಂತ ಗೊತ್ತಾದರೆ ಮದ್ದು ಬೇಗ ಶುರುವಾಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಶಿಕ್ಷೆಯ ಮಾತಿಲ್ಲ. ಮನಸ್ಸು ತೀರಾ ಕುಗ್ಗಿದಾಗ 14416ಕ್ಕೆ, ಟೆಲಿ ಮಾನಸ್‌ಗೆ, ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮೊದಲು ಬಂದ ನಮ್ಮನ್ನು ಬಿಟ್ಟು ಆಮೇಲೆ ಬಂದವರನ್ನು ಯಾಕೆ ಒಳಗೆ ಕರೀತಾರೆ?

ಸರತಿ ಇರುವುದು ಜೋರಿನ ಮೇಲೆ, ಬಂದ ಹೊತ್ತಿನ ಮೇಲಲ್ಲ. ಕೆಂಪು, ಹಳದಿ, ಹಸಿರು ಅಂತ ವಿಂಗಡಿಸುತ್ತಾರೆ. ನಿಮ್ಮನ್ನು ಕಾಯಿಸಿದರೆ ನಿಮ್ಮ ರೋಗಿಗೆ ಅಪಾಯ ಕಡಿಮೆ ಅಂತ ಅರ್ಥ. ಆದರೆ ಕೂತಲ್ಲೇ ಸ್ಥಿತಿ ಬದಲಾದರೆ ಎದ್ದು ಹೋಗಿ ಹೇಳಿ.

ಗೋವಾದಲ್ಲಿ ಎಲ್ಲದಕ್ಕೂ ಬಾಂಬೋಲಿಗೇ ಹೋಗಬೇಕಾ?

ಬೇಡ. ವಾಸ್ಕೋದವರಿಗೆ ಚಿಖಲಿ ಆಸ್ಪತ್ರೆ ಇದೆ. ಮಡಗಾಂವಲ್ಲಿ ದಕ್ಷಿಣ ಗೋವಾ ಜಿಲ್ಲಾ ಆಸ್ಪತ್ರೆ, ಹಳಬರು ಈಗಲೂ ಹಾಸ್ಪಿಸಿಯೋ ಅನ್ನುತ್ತಾರೆ. ಮಾಪ್ಸಾದಲ್ಲಿ ಉತ್ತರ ಗೋವಾ ಜಿಲ್ಲಾ ಆಸ್ಪತ್ರೆ. ಫೋಂಡಾದಲ್ಲಿ ಒಂದು. ವಾಳಪೈ, ಕಾಣಕೋಣದಲ್ಲಿ ಸಮುದಾಯ ಕೇಂದ್ರಗಳು. ಹೊಲಿಗೆ, ಜ್ವರ, ವಾಂತಿಭೇದಿ, ಕೈ ಮುರಿತ ಇಲ್ಲೇ ಆಗುತ್ತವೆ. ಬಾಂಬೋಲಿಯಲ್ಲಿ ಇಂಥದಕ್ಕೆ ಅರ್ಧ ರಾತ್ರಿ ಬೆಂಚಿನ ಮೇಲೆ ಕಳೆಯಬೇಕಾಗುತ್ತದೆ.

ಮತ್ತೆ ಮತ್ತೆ ಎಮರ್ಜೆನ್ಸಿಗೆ ಬರುವವರು ಯಾರು?

ದಮ್ಮು ಇರುವ ವಯಸ್ಸಾದವರು, ಅದರಲ್ಲೂ ವರ್ಷಗಟ್ಟಲೆ ಕಟ್ಟಿಗೆ ಒಲೆ ಊದಿದ ಹೆಂಗಸರು. ಬಿಟ್ಟು ಬಿಟ್ಟು ಮಾತ್ರೆ ತಗೊಳ್ಳುವ ಶುಗರ್ ರೋಗಿಗಳು. ಕುಡಿತದವರು. ಡಯಾಲಿಸಿಸ್ ತಪ್ಪಿಸಿಕೊಂಡವರು. ಇವರನ್ನು ಎಮರ್ಜೆನ್ಸಿಯಲ್ಲಿ ಬೈದು ಕಳಿಸಿದರೆ ಏನೂ ಬದಲಾಗುವುದಿಲ್ಲ. ಮನೆ ಹತ್ತಿರ ತಿಂಗಳಿಗೊಮ್ಮೆ ಮಾತ್ರೆ, ದಮ್ಮಿಗೆ ಬಾಯಿಂದ ಎಳೆದುಕೊಳ್ಳುವ ಪಂಪು ಸಿಗುವ ವ್ಯವಸ್ಥೆ ಆದರೆ ಅರ್ಧಕ್ಕರ್ಧ ಭೇಟಿ ತಾನಾಗಿ ಕಡಿಮೆಯಾಗುತ್ತವೆ ಅನ್ನುವುದು ನನ್ನ ನಂಬಿಕೆ.

ಕೊಂಕಣಿ ಬರಲ್ಲ. ಒಳಗೆ ಹೇಗೆ ಮಾತಾಡೋದು?

ಹಿಂದಿ ನಡೆಯುತ್ತದೆ. ಕನ್ನಡ ಬಲ್ಲ ನರ್ಸ್, ವಾರ್ಡಿನ ಸಿಬ್ಬಂದಿ, ಸೆಕ್ಯುರಿಟಿಯವರು ಸಿಗುವುದೂ ಉಂಟು, ಕೇಳಲು ಸಂಕೋಚ ಬೇಡ. ಕಷ್ಟ ಇರುವುದು ವಿವರದಲ್ಲಿ. "ಸಂಕಟ ಆಗ್ತದ", "ಜೀವ ಹೋದಂಗ ಆಗ್ತದ" ಅನ್ನುವುದನ್ನು ಹಿಂದಿಗೆ ತಿರುಗಿಸುವಾಗ ಎದೆನೋವು ಹೊಟ್ಟೆನೋವಾಗಿಬಿಡುತ್ತದೆ. ಎಲ್ಲಿ ನೋವು ಅಂತ ರೋಗಿಯ ಕೈಯಿಂದಲೇ ಮುಟ್ಟಿ ತೋರಿಸಲು ಹೇಳಿ. ಜೊತೆಗೆ ಬಂದ ಐದಾರು ಜನರಲ್ಲಿ ಒಬ್ಬರು ಮಾತ್ರ ಮಾತಾಡಿ, ರೋಗಿಯ ಜೊತೆ ಮನೆಯಲ್ಲಿ ಇದ್ದವರೇ ಆದರೆ ಒಳ್ಳೆಯದು.

ಊರಿಂದ ಕಳಿಸುವಾಗ ಏನೇನು ಕೊಟ್ಟು ಕಳಿಸಲು ಹೇಳಬೇಕು?

ಹಳೆಯ ಚೀಟಿಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಯ ಪಟ್ಟಿಗಳು ಅಥವಾ ಖಾಲಿ ಹಾಳೆಗಳು, ಆಧಾರ್, ಆಯುಷ್ಮಾನ್ ಕಾರ್ಡ್, ಬಸುರಿಯಾದರೆ ತಾಯಿ ಕಾರ್ಡ್. ಊರಿನ ಆಸ್ಪತ್ರೆಯಲ್ಲಿ ಏನು ಇಂಜೆಕ್ಷನ್ ಹಾಕಿದರು, ಎಷ್ಟು ಹೊತ್ತಿಗೆ ಹಾಕಿದರು ಅನ್ನುವುದನ್ನು ಬರೆಸಿಕೊಂಡು ಬರಲಿ, ಆರ್‌ಎಂಪಿ ಡಾಕ್ಟ್ರು ಹಾಕಿದ್ದರೂ ಸರಿ. ಎಲ್ಲದರ ಫೋಟೋ ತೆಗೆದು ಗೋವಾದಲ್ಲಿರುವವರ ವಾಟ್ಸಾಪ್‌ಗೆ ಮೊದಲೇ ಕಳಿಸಲಿ. ಗಾಡಿ ಘಾಟ್ ಇಳಿಯುವ ಹೊತ್ತಿಗೆ ನೀವು ಆಸ್ಪತ್ರೆಯ ಕೌಂಟರಿನಲ್ಲಿ ಹೆಸರು ಬರೆಸುವ ವಿಧಾನ ಕೇಳಿಕೊಂಡು ನಿಂತಿರಬಹುದು.